ನಾರ್ಮಲ್ ಡೆಲಿವರಿಗೆ ನಾನು ಮಾಡಿಕೊಂಡ ತಯಾರಿ

ನಾರ್ಮಲ್ ಡೆಲಿವರಿ ಆಗಬೇಕು ಅಂತ ಬಸುರಾದಾಗಿನಿಂದ ನನಗೆ ಆಸೆ ಇತ್ತು. ಅದು ಪೂರ್ತಿ ನನ್ನ ಕೈಯಲ್ಲಿಲ್ಲ ಅಂತ ಅರ್ಥವಾಗಿದ್ದು ಐದನೇ ತಿಂಗಳ ಸ್ಕ್ಯಾನ್ ಆದಾಗ. ಮಗು ಚೆನ್ನಾಗಿದೆ, ಮಾಸು (ಪ್ಲಾಸೆಂಟಾ) ಮಾತ್ರ ಕೆಳಗಿದೆ, ಗರ್ಭಕೋಶದ ಬಾಯಿಗೆ ತೀರಾ ಹತ್ತಿರ ಇದೆ ಅಂತ ರಿಪೋರ್ಟ್ ಬಂತು. ಮಾಸು ಬಾಯಿಗೆ ಅಡ್ಡಲಾಗಿ ಉಳಿದುಬಿಟ್ಟರೆ ಸಹಜ ಹೆರಿಗೆಯ ಮಾತೇ ಇಲ್ಲ. ಬಾಯಿ ತೆರೆಯುತ್ತಾ ಹೋದ ಹಾಗೆ ವಿಪರೀತ ರಕ್ತ ಹೋಗುತ್ತದೆ, ಸಿಸೇರಿಯನ್ ಒಂದೇ ದಾರಿ. ನಮ್ಮ ಡಾಕ್ಟರ್ ಆರಾಮಾಗಿಯೇ ಇದ್ದರು. 20 ವಾರಕ್ಕೆ ಹೀಗೆ ಕಾಣುವುದು ಅಪರೂಪವೇನಲ್ಲ, ಗರ್ಭಕೋಶ ದೊಡ್ಡದಾದ ಹಾಗೆ ಹೆಚ್ಚಿನವರಲ್ಲಿ ಮಾಸು ಮೇಲಕ್ಕೆ ಹೋಗುತ್ತದೆ, 32 ವಾರಕ್ಕೆ ಇನ್ನೊಂದು ಸ್ಕ್ಯಾನ್ ಮಾಡೋಣ, ಅಷ್ಟರೊಳಗೆ ಒಂದು ಹನಿ ರಕ್ತ ಕಂಡರೂ ನೇರವಾಗಿ ಇಲ್ಲಿಗೆ ಬನ್ನಿ ಅಂದರು.

ಆ ನಡುವಿನ ವಾರಗಳಲ್ಲಿ ನಾನು ಮಾಡಿದ್ದು ಹೇಳಿಕೊಳ್ಳುವಂಥ ತಯಾರಿಯೇನಲ್ಲ. ಬಿಪಿ ನೋಡಿಸುವುದು, 24ರಿಂದ 28 ವಾರದ ನಡುವೆ ಸಕ್ಕರೆ ಪರೀಕ್ಷೆ, ಆಮೇಲೆ ಹಿಮೋಗ್ಲೋಬಿನ್. ಇಲ್ಲಿ ನಾನು ಸಿಕ್ಕಿಬಿದ್ದೆ. ಬಸುರಿಯರಿಗೆ 11 ಗ್ರಾಂ ಆದರೂ ಇರಬೇಕು, ನನಗೆ ಅಷ್ಟಿರಲಿಲ್ಲ. ಕಬ್ಬಿಣದ ಮಾತ್ರೆ ಶುರುವಾಯಿತು. ಅದನ್ನು ನುಂಗಿದವರಿಗೆ ಗೊತ್ತು, ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಗಾಗುತ್ತದೆ, ಬೆಳಿಗ್ಗೆ ಎದ್ದರೆ ಬಾಯೆಲ್ಲ ಒಂಥರಾ. ಆದರೂ ಬಿಡಲಿಲ್ಲ. ಎಷ್ಟೇ ಸಲೀಸಾಗಿ ಹೆರಿಗೆಯಾದರೂ ರಕ್ತ ಹೋಗಿಯೇ ಹೋಗುತ್ತದೆ, ಮೊದಲೇ ಕಡಿಮೆ ಇದ್ದವಳಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ. ನನ್ನ ಪ್ರಕಾರ ಉಸಿರಾಟದ ಅಭ್ಯಾಸ, ಕೂತು ಸೊಂಟ ತಿರುಗಿಸುವ ದೊಡ್ಡ ಬಾಲ್, ಸಂಗೀತ ಎಲ್ಲದಕ್ಕಿಂತ ಮೊದಲು ಬರಬೇಕಾದ್ದು ಇದೇ. ಯಾರೂ ಇದರ ಫೋಟೋ ಹಾಕುವುದಿಲ್ಲ, ಅಷ್ಟೇ.

ನಡೆಯುವುದಕ್ಕೆ ಅಡ್ಡಿ ಇರಲಿಲ್ಲ. ತೊಂದರೆ ಇಲ್ಲದ ಬಸುರಿಯರು ವಾರಕ್ಕೆ 150 ನಿಮಿಷವಾದರೂ ಮೈ ದಣಿಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸಾಕು. ಅಷ್ಟನ್ನು ಮಾಡಿದೆ. ನಡೆದರೆ ಹೆರಿಗೆ ಬೇಗ ಆಗುತ್ತದೆ ಅಂತ ಯಾರೂ ನನಗೆ ಮಾತು ಕೊಟ್ಟಿರಲಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿತ್ತು, ಬೆನ್ನು ಹಿಡಿಯುತ್ತಿರಲಿಲ್ಲ, ಕೊನೆಯ ತಿಂಗಳಲ್ಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. 28 ವಾರ ದಾಟಿದ ಮೇಲೆ ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ ಅಂದಿದ್ದರು. ಅದನ್ನೂ ಪಾಲಿಸಿದೆ.

32 ವಾರದ ಸ್ಕ್ಯಾನಿನಲ್ಲಿ ಮಾಸು ಮೇಲೆ ಹೋಗಿತ್ತು. ಮಗುವಿನ ತಲೆ ಕೆಳಗಿತ್ತು. ಈಗ ನಿಜವಾಗಿ ತಯಾರಾಗಬಹುದು ಅಂತ ಅನಿಸಿತು. ಬಸುರಿಯರಿಗೆ ವ್ಯಾಯಾಮ ಹೇಳಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮೂತ್ರ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿಯುವ ವ್ಯಾಯಾಮಕ್ಕೆ ಕೆಗೆಲ್ ಅನ್ನುತ್ತಾರೆ. ಕೆಗೆಲ್ ದಿನಾ ಮಾಡ್ತಾ ಇದ್ದೀನಿ ಮೇಡಂ ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. "ಒಳ್ಳೇದು. ಬಿಗಿ ಹಿಡಿಯೋದು ಬಂತು. ಬಿಡೋದು ಹೇಗೆ ಬಿಡ್ತೀರಿ, ತೋರಿಸಿ" ಅಂದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರ್ 1940ರ ದಶಕದಲ್ಲಿ ಈ ವ್ಯಾಯಾಮ ಬಳಕೆಗೆ ತಂದಿದ್ದು ಮುಖ್ಯವಾಗಿ ಹೆರಿಗೆಯಾದ ಮೇಲೆ ಮೂತ್ರ ತಡೆಯಲಾಗದ ಹೆಂಗಸರಿಗೆ. ಅದು ಬಿಗಿತದ ವ್ಯಾಯಾಮ. ಬಸುರಿನಲ್ಲೂ ಅದು ಬೇಕು. ಆದರೆ ಹೆರಿಗೆಯ ಹೊತ್ತಿಗೆ ಅದೇ ಸ್ನಾಯುಗಳು ದಾರಿ ಬಿಡಬೇಕು. ಮಗು ಇಳಿಯುವಾಗ ಹೆದರಿ ಅವುಗಳನ್ನು ಮೇಲಕ್ಕೆ ಎಳೆದುಕೊಂಡರೆ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದ ಹಾಗೆ. ಆವತ್ತಿನಿಂದ ಅವರು ನನಗೆ ಮಾಡಿಸಿದ್ದೆಲ್ಲ ಬಿಡುವ ಅಭ್ಯಾಸ. ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂರುವುದು, ಉಸಿರು ಒಳಗೆ ಬರುವಾಗ ಕೆಳಗಿನ ಸ್ನಾಯು ಅಗಲವಾಗುವುದನ್ನು ಗಮನಿಸುವುದು, ಉಸಿರು ಹೊರಗೆ ಬಿಡುವಾಗ ಅದನ್ನು ಎಳೆದುಕೊಳ್ಳದೆ ಹಾಗೇ ಇರಲು ಬಿಡುವುದು. ಮೊದಮೊದಲು ಏನೂ ಗೊತ್ತಾಗುತ್ತಿರಲಿಲ್ಲ, ಸುಮ್ನೆ ಕೂತು ಉಸಿರಾಡುತ್ತಿದ್ದೇನೆ ಅನಿಸುತ್ತಿತ್ತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ನಾನು ಹಲ್ಲು ಕಚ್ಚಿದಾಗಲೆಲ್ಲ ಕೆಳಗೂ ಬಿಗಿ. ಭುಜ ಏರಿಸಿದರೂ ಅಷ್ಟೇ. ದವಡೆ ಸಡಿಲ ಬಿಟ್ಟು, ಬಾಯಿ ಸ್ವಲ್ಪ ತೆರೆದು, 'ಆ' ಅಂತ ದಪ್ಪ ದನಿಯಲ್ಲಿ ಉಸಿರು ಬಿಟ್ಟರೆ ಎಲ್ಲ ಇಳಿಯುತ್ತದೆ. ಟ್ರಾಫಿಕ್ಕಿನಲ್ಲಿ, ಕಂಪ್ಯೂಟರ್ ಮುಂದೆ, ಫೋನಿನಲ್ಲಿ ಬೇಡದ ಮಾತು ಕೇಳುವಾಗ ದವಡೆ ಹೇಗಿದೆ ಅಂತ ನೋಡಿಕೊಳ್ಳುವುದೇ ಕೆಲಸವಾಯಿತು. ಸದಾ ಬಿಗಿಯಾಗಿಯೇ ಇರುತ್ತಿತ್ತು!

ಹೆರಿಗೆ ತರಗತಿಯಲ್ಲಿ ಇನ್ನೊಂದು ಮಾಡಿಸಿದರು. ಮಂಜುಗಡ್ಡೆಯನ್ನು ಅಂಗೈಯಲ್ಲಿ ಹಿಡಿದು ಒಂದು ನಿಮಿಷ ಇರಬೇಕು. ಒಂದು ನಿಮಿಷ ಯಾಕೆಂದರೆ ಜೋರಾದ ಬೇನೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಇರುತ್ತದೆ. ಮೊದಲ ಸಲ ಎಲ್ಲರೂ ಕೈ ಮುಷ್ಟಿ ಮಾಡಿ, ಉಸಿರು ಹಿಡಿದು, ಗಡಿಯಾರ ನೋಡುತ್ತಾ ಕೂತೆವು. ಎರಡನೇ ಸಲ ಉದ್ದಕ್ಕೆ ಉಸಿರು ಬಿಡುತ್ತಾ, ಕೈ ಸಡಿಲವಾಗಿ ಇಟ್ಟುಕೊಳ್ಳಲು ಹೇಳಿದರು. ಕೈ ಅಷ್ಟೇ ಉರಿಯಿತು, ಏನೂ ಕಡಿಮೆ ಆಗಲಿಲ್ಲ. ಆದರೆ ನಿಮಿಷ ಸಲೀಸಾಗಿ ಕಳೆಯಿತು. ಆಮೇಲೆ ಒಂದು ಲೆಕ್ಕ ಹೇಳಿದರು, ಅದು ನನಗೆ ತುಂಬಾ ಹಿಡಿಸಿತು. ಮೂರು ನಿಮಿಷಕ್ಕೊಂದು ಬೇನೆ ಬಂದು ಒಂದು ನಿಮಿಷ ಇದ್ದರೂ, ನೋವಿಲ್ಲದ ಹೊತ್ತೇ ಜಾಸ್ತಿ. ಆ ಎರಡು ನಿಮಿಷವನ್ನು ಮುಂದಿನ ನೋವಿಗೆ ಹೆದರಿಕೊಂಡು ಕಳೆಯಬೇಡಿ ಅಂದರು.

ಹೆದರಿಕೆ, ಅದರಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಹೆದರಿಕೆ ಅನ್ನುವ ಸುತ್ತನ್ನು ಮೊದಲು ಹೀಗೆ ಬಿಡಿಸಿ ಹೇಳಿದ್ದು ಗ್ರ್ಯಾಂಟ್ಲಿ ಡಿಕ್-ರೀಡ್ ಅನ್ನುವ ಬ್ರಿಟಿಷ್ ಡಾಕ್ಟರ್, 1930ರ ದಶಕದಲ್ಲಿ. ಫ್ರಾನ್ಸಿನ ಫೆರ್ನಾಂಡ್ ಲಮಾಜ್ ಉಸಿರಾಟದ ವಿಧಾನ ಹೇಳಿಕೊಟ್ಟಿದ್ದು ಅದಾದ ಮೇಲೆ, 1950ರ ದಶಕದಲ್ಲಿ. ತರಗತಿಯಲ್ಲಿ ಇಬ್ಬರ ಹೆಸರೂ ಬಂತು. ಹೆದರಿಕೆ ಬಿಟ್ಟರೆ ನೋವೇ ಇರುವುದಿಲ್ಲ ಅನ್ನುವ ಮಟ್ಟಕ್ಕೆ ಈ ಮಾತನ್ನು ಎಳೆಯುವವರಿದ್ದಾರೆ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೋವು ನೋವೇ. ನೋವಾಯಿತು ಅಂದರೆ ನಿನ್ನ ತಯಾರಿ ಸಾಲದು ಅಂತ ಹೆತ್ತವಳ ಮೇಲೆಯೇ ಹಾಕುವುದು ಅನ್ಯಾಯ ಅಲ್ವಾ?

ಈಗ ಸ್ವಲ್ಪ ಹಿಂದಕ್ಕೆ ಹೋಗಿ ಆಸ್ಪತ್ರೆಯ ವಿಷಯ. ನಾನು ಮೊದಲು ತೋರಿಸುತ್ತಿದ್ದ ಕಡೆ ಕೇಳಿದೆ. ಬೇನೆ ಬಂದಾಗ ಓಡಾಡಬಹುದಾ? ಇಲ್ಲ, ಮಂಚದ ಮೇಲೆ. ಜೊತೆಗೆ ಒಬ್ಬರು ಇರಬಹುದಾ? ಇಲ್ಲ, ಹೊರಗೆ ಕೂರಬೇಕು. ಚೊಚ್ಚಲ ಬಸುರಿಗೆ ಮಗು ಬರುವ ದಾರಿ ದೊಡ್ಡದಾಗಲಿ ಅಂತ ಕೆಳಗೆ ಕೊಯ್ಯುತ್ತೀರಾ? ಹೌದು, ಎಲ್ಲರಿಗೂ. ಡಾಕ್ಟರ್ ಒಳ್ಳೆಯವರೇ, ಕೈಗುಣವೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಸಲಹೆಗಳಲ್ಲಿ ಈ ಮೂರಕ್ಕೂ ಉತ್ತರ ಇದೆ. ತೊಂದರೆ ಇಲ್ಲದ ಹೆಂಗಸು ಓಡಾಡಬೇಕು, ಅವಳಿಗೆ ಬೇಕಾದವರು ಜೊತೆಗಿರಬೇಕು, ಎಲ್ಲರಿಗೂ ಕೊಯ್ಯುವ ಪದ್ಧತಿ ಬೇಡ. ಏಳನೇ ತಿಂಗಳು ನಡೆಯುತ್ತಿತ್ತು. ಈಗ ಬದಲಾಯಿಸುವುದಾ ಅಂತ ಮನೆಯಲ್ಲಿ ಗೊಣಗಾಟ ಆಯಿತು. ಬದಲಾಯಿಸಿದೆವು. ಎಲ್ಲ ರಿಪೋರ್ಟ್ ಒಂದು ಫೈಲಿನಲ್ಲಿ ಇದ್ದಿದ್ದರಿಂದ ಹೊಸ ಕಡೆ ಏನೂ ತೊಂದರೆ ಆಗಲಿಲ್ಲ. ನಿಮಗೆ ಕೇಳಬೇಕಾದ ಪ್ರಶ್ನೆ ಇದ್ದರೆ 30 ವಾರದೊಳಗೆ ಕೇಳಿಬಿಡಿ. 38 ವಾರಕ್ಕೆ ಕೇಳಿದರೆ ಉತ್ತರ ಸಿಗುತ್ತದೆ, ಬೇರೆ ದಾರಿ ಸಿಗುವುದಿಲ್ಲ.

ಹೊಸ ಡಾಕ್ಟರ್ ಹತ್ತಿರ ನನ್ನ ಇಷ್ಟಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋದೆ. ಅವರು ಪೆನ್ನು ಹಿಡಿದು ಕೂತು ಒಂದೊಂದೇ ಓದಿದರು. ಓಡಾಡುವುದು, ನೀರು ಕುಡಿಯುವುದು, ಮಗು ಹುಟ್ಟಿದ ಮೇಲೆ ಒಂದು ನಿಮಿಷವಾದರೂ ಬಿಟ್ಟು ಹೊಕ್ಕುಳ ಬಳ್ಳಿ ಕತ್ತರಿಸುವುದು, ಮಗುವನ್ನು ನೇರ ನನ್ನ ಎದೆಯ ಮೇಲೆ ಹಾಕುವುದು, ಇದಕ್ಕೆಲ್ಲ ಸರಿ ಅಂದರು. ಒಂದು ಕಡೆ ಮಾತ್ರ ನಿಲ್ಲಿಸಿದರು. ಯಾವ ಇಂಜೆಕ್ಷನ್ನೂ ಬೇಡ ಅಂತ ಬರೆದಿದ್ದೆ. "ಮಗು ಆದ ಮೇಲೆ ಆಕ್ಸಿಟೋಸಿನ್ ಒಂದು ಕೊಡ್ತೀವಮ್ಮ, ಗರ್ಭಕೋಶ ಕುಗ್ಗಿ ರಕ್ತ ನಿಲ್ಲೋಕೆ. ಅದನ್ನು ಬಿಡಬೇಡಿ" ಅಂದರು. ನನ್ನ ಹಿಮೋಗ್ಲೋಬಿನ್ ಕತೆ ಅವರಿಗೆ ಗೊತ್ತಿತ್ತು. ಆ ಸಾಲು ಹೊಡೆದು ಹಾಕಿದೆ. ಹೆರಿಗೆಯಾದ ಮೇಲಿನ ರಕ್ತಸ್ರಾವ ತಾಯಂದಿರ ಜೀವ ತೆಗೆಯುವ ದೊಡ್ಡ ಕಾರಣಗಳಲ್ಲಿ ಒಂದು, ಅಲ್ಲಿ ಹಟ ಹಿಡಿಯುವುದರಲ್ಲಿ ಅರ್ಥ ಇಲ್ಲ.

35 ವಾರದಿಂದ ಕೆಳಗಿನ ಮಸಾಜ್ ಶುರುಮಾಡಿದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಕೈ ತೊಳೆದು, ಉಗುರು ಕತ್ತರಿಸಿ, ಹೆಬ್ಬೆರಳಿಗೆ ಶುದ್ಧವಾದ ಎಣ್ಣೆ ಹಚ್ಚಿಕೊಂಡು, ಯೋನಿಯೊಳಗೆ ಎರಡು ಗೆಣ್ಣಿನಷ್ಟು ಇಟ್ಟು, ಕೆಳಕ್ಕೆ ಮತ್ತು ಎರಡೂ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿಯುವುದು. ಚುರುಚುರು ಅನ್ನುತ್ತದೆ. ಹೊಟ್ಟೆ ಅಷ್ಟು ದೊಡ್ಡದಾದಾಗ ಕೈ ಅಲ್ಲಿಗೆ ತಲುಪುವುದೇ ಒಂದು ಸರ್ಕಸ್. ವಾರಕ್ಕೆ ಒಂದೆರಡು ಸಲ ಮಾಡಿದರೆ ಸಾಕು, ಜಾಸ್ತಿ ಮಾಡಿದರೆ ಜಾಸ್ತಿ ಲಾಭ ಅಂತೇನಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಹೊಲಿಗೆ ಬೀಳುವ ಸಾಧ್ಯತೆ ಇದರಿಂದ ಸ್ವಲ್ಪ ತಗ್ಗುತ್ತದೆ ಅಂತ ಅಧ್ಯಯನಗಳಿವೆ. ನನಗೆ ಸಿಕ್ಕ ಲಾಭ ಬೇರೆ. ಆ ಉರಿಯಲ್ಲಿ ದವಡೆ ಬಿಟ್ಟು ಉಸಿರಾಡುವುದು ರೂಢಿಯಾಯಿತು. ಮಾಸು ಕೆಳಗಿರುವವರು, ಸೋಂಕು ಇರುವವರು, ನೀರು ಒಡೆದವರು ಇದನ್ನು ಮಾಡಬಾರದು. ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಇನ್ನು ನಮ್ಮ ಮನೆಯವರ ತಯಾರಿ. ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಆಗುವ ಸಾಧ್ಯತೆ ಹೆಚ್ಚು, ಬೇನೆಯ ಹೊತ್ತೂ ಕಡಿಮೆ ಅನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಜೊತೆಗಿರುವವರಿಗೆ ಕೆಲಸ ಗೊತ್ತಿರಬೇಕು. ಸೊಂಟದ ಹಿಂದೆ, ಬೆನ್ನ ಬುಡದಲ್ಲಿ ಅಂಗೈ ಇಟ್ಟು ಗಟ್ಟಿಯಾಗಿ ಒತ್ತುವುದು, ಎರಡೂ ಪಕ್ಕದಿಂದ ಸೊಂಟದ ಮೂಳೆಗಳನ್ನು ಒಳಕ್ಕೆ ಅದುಮುವುದು, ಇವನ್ನು ತರಗತಿಯಲ್ಲಿ ಕಲಿಸಿದರು. ಇವರು ಮೊದಲು ಹೂವು ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಗಟ್ಟಿಯಾಗಿ ಒತ್ತಿ, ಇನ್ನೂ ಗಟ್ಟಿ ಅಂತ ಹೇಳಿ ಹೇಳಿ ಸರಿಮಾಡಬೇಕಾಯಿತು. ಇನ್ನೊಂದು ಪಾಠ, ಬೇನೆ ಬಂದಾಗ ಪ್ರಶ್ನೆ ಕೇಳಬಾರದು. ನೀರು ಬೇಕಾ, ಫ್ಯಾನ್ ಹಾಕಲಾ, ಹೇಗಿದೆ ಅಂತ ಕೇಳಬಾರದು. ಲೋಟ ಬಾಯ ಹತ್ತಿರ ಹಿಡಿದರೆ ಸಾಕು. ಬೇಕಾದರೆ ಕುಡಿಯುತ್ತೇನೆ.

ಡ್ಯೂ ಡೇಟ್ ಬಂತು, ಹೋಯಿತು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದರೆ ಬರುವ ತಾರೀಕು ಅದು. ಸರಿಯಾಗಿ ಆ ದಿನವೇ ಹೆರುವವರು ನೂರಕ್ಕೆ ನಾಲ್ಕೈದು ಜನ. 37ರಿಂದ 42 ವಾರದ ನಡುವೆ ಯಾವಾಗ ಬೇಕಾದರೂ ಆಗಬಹುದು. ಇದನ್ನೆಲ್ಲ ನಾನು ಬಲ್ಲೆ, ಫೋನ್ ಮಾಡುವವರು ಬಲ್ಲವರಲ್ಲ. "ಇನ್ನೂ ಆಗಿಲ್ವಾ?" ಅಂತ ಕೇಳುವವರಿಗೆ ಏನು ಹೇಳುವುದು? ಆಗಿದ್ದರೆ ಹೇಳುತ್ತಿರಲಿಲ್ವಾ? ಮುಂದಿನ ಸಲ ಯಾರಿಗಾದರೂ ತಾರೀಕು ಹೇಳಬೇಕಾದರೆ ಎರಡು ವಾರ ಮುಂದಕ್ಕೆ ಹಾಕಿ ಹೇಳುವುದು ಅಂತ ತೀರ್ಮಾನಿಸಿದ್ದೇನೆ. ಹರಳೆಣ್ಣೆ ಕುಡಿ ಅಂತಲೂ ಒಬ್ಬರು ಹೇಳಿದರು. ಡಾಕ್ಟರ್ ಬೇಡವೇ ಬೇಡ ಅಂದರು, ಭೇದಿಯಾಗಿ ಸುಸ್ತಾಗಿ ಹೆರಿಗೆಗೆ ಬರುವುದು ಯಾರಿಗೆ ಬೇಕು? ಅವರು ಕೊಟ್ಟ ಸೂಚನೆ ಬೇರೆಯೇ ಇತ್ತು. ಮಗುವಿನ ಓಡಾಟ ಕಡಿಮೆಯಾದರೆ, ರಕ್ತ ಕಂಡರೆ, ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣ ಇದ್ದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ಯಾವ ಹೊತ್ತಾದರೂ ಬನ್ನಿ. 41 ವಾರದವರೆಗೆ ನೋಡೋಣ, ಆಮೇಲೆ ಕಾಯುವುದಕ್ಕಿಂತ ನೋವು ಬರಿಸುವುದೇ ಮಗುವಿಗೆ ಒಳ್ಳೆಯದು ಅಂದರು. ನಾನು ಒಪ್ಪಿದೆ.

ಅಷ್ಟು ಕಾಯಬೇಕಾಗಲಿಲ್ಲ. ಒಂದು ರಾತ್ರಿ ಮುಟ್ಟಿನ ನೋವಿನ ಹಾಗೆ ಶುರುವಾಯಿತು. ಹುಸಿ ನೋವು ವಾರಗಳಿಂದ ಬಂದು ಹೋಗುತ್ತಿತ್ತು, ಎದ್ದು ಓಡಾಡಿದರೆ, ನೀರು ಕುಡಿದರೆ ನಿಲ್ಲುತ್ತಿತ್ತು. ಇದು ನಿಲ್ಲಲಿಲ್ಲ. ಆದರೂ ನಾನು ಯಾರನ್ನೂ ಎಬ್ಬಿಸದೆ ಮಲಗಿದೆ. ತರಗತಿಯಲ್ಲಿ ಪದೇಪದೇ ಹೇಳಿದ ಮಾತು ಅದು, ಶುರುವಿನ ಹಂತದಲ್ಲಿ ನಿದ್ದೆ ಉಳಿಸಿಕೊಳ್ಳಿ. ಬೆಳಿಗ್ಗೆ ಬಿಸಿನೀರಿನಲ್ಲಿ ಸ್ನಾನ ಮಾಡಿದೆ, ಬಾಲ್ ಮೇಲೆ ಕೂತು ಸೊಂಟ ತಿರುಗಿಸಿದೆ. ಐದು ನಿಮಿಷಕ್ಕೊಂದು ಬಂದು, ಒಂದು ನಿಮಿಷ ಇದ್ದು, ಒಂದು ಗಂಟೆ ಹಾಗೇ ಮುಂದುವರಿದ ಮೇಲೆ ಹೊರಟೆವು.

ಪರೀಕ್ಷೆ ಮಾಡಿ ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿದೆ ಅಂದರು. ಹೊತ್ತು ಕಳೆದ ಮೇಲೆ ನೋಡಿದರೂ 5ರ ಹತ್ತಿರ. ಗಂಟೆಗೆ 1 ಸೆಂಟಿಮೀಟರ್ ತೆರೆಯಬೇಕು ಅನ್ನುವ ಲೆಕ್ಕ 1950ರ ದಶಕದಲ್ಲಿ ಇಮ್ಯಾನುಯೆಲ್ ಫ್ರೀಡ್‌ಮನ್ ಅನ್ನುವ ಡಾಕ್ಟರ್ ಮಾಡಿದ ಅಧ್ಯಯನದಿಂದ ಬಂದಿದ್ದು. ಎಲ್ಲರೂ ಹಾಗೆ ತೆರೆಯುವುದಿಲ್ಲ, 5 ಸೆಂಟಿಮೀಟರ್ ಆಗುವವರೆಗೆ ತುಂಬಾ ನಿಧಾನವೂ ಆಗಬಹುದು ಅಂತ ಈಗ ಒಪ್ಪಿಕೊಂಡಿದ್ದಾರೆ. ಇದು ಮೊದಲೇ ಗೊತ್ತಿದ್ದಿದ್ದರಿಂದ ನಾನು ಎದೆಗುಂದಲಿಲ್ಲ. ಮಗುವಿನ ಎದೆಬಡಿತ ಆಗಾಗ ನೋಡುತ್ತಿದ್ದರು, ಚೆನ್ನಾಗಿತ್ತು. ಅವಸರ ಯಾರಿಗೂ ಇರಲಿಲ್ಲ.

ನನ್ನ ನೋವೆಲ್ಲ ಬೆನ್ನಿನಲ್ಲಿತ್ತು. ಮಗುವಿನ ಮುಖ ನನ್ನ ಹೊಟ್ಟೆಯ ಕಡೆಗಿದೆ, ಅದರ ತಲೆಯ ಹಿಂಭಾಗ ಬೆನ್ನ ಮೂಳೆಗೆ ಒತ್ತುತ್ತಿದೆ ಅಂದರು ಸಿಸ್ಟರ್. ಮಂಡಿ ಮತ್ತು ಕೈ ಊರಿ ಮುಂದಕ್ಕೆ ಬಾಗಿ ನಿಂತೆ, ಅಂಬೆಗಾಲಿಡುವ ಭಂಗಿಯಲ್ಲಿ. ಬಸುರಿನ ಕೊನೆಯಲ್ಲಿ ಹೀಗೆ ದಿನಾ ಕೂತರೆ ಮಗು ತಿರುಗುತ್ತದೆ ಅಂತ ಹೇಳುತ್ತಾರೆ, ಅದಕ್ಕೆ ಆಧಾರ ಕಡಿಮೆ. ಬೇನೆಯ ಹೊತ್ತಿನಲ್ಲಿ ಬೆನ್ನುನೋವಿಗೆ ಇದು ಆರಾಮ ಕೊಡುತ್ತದೆ ಅನ್ನುವುದು ಮಾತ್ರ ನಿಜ. ಇವರು ಹಿಂದಿನಿಂದ ಒತ್ತಿದರು. ಪ್ರತಿ ಬೇನೆಗೂ. ಕೈ ಒಂದು ಕ್ಷಣ ತಡವಾದರೆ ನಾನು ಕಿರುಚುತ್ತಿದ್ದೆ. "ಕೈ ತೆಗೀಬೇಡಿ!" ಅನ್ನುವುದು ಬಿಟ್ಟರೆ ಆ ಮಧ್ಯಾಹ್ನ ನಾನು ಬೇರೆ ಮಾತಾಡಿದ ನೆನಪಿಲ್ಲ. 'ಆ' ಅನ್ನುವ ದಪ್ಪ ದನಿ ತಾನಾಗಿಯೇ ಬರುತ್ತಿತ್ತು. ದನಿ ಕೀರಲಾದಾಗಲೆಲ್ಲ ಸಿಸ್ಟರ್ ನನ್ನ ಭುಜ ಮುಟ್ಟಿ ಕೆಳಗೆ ಇಳಿಸುತ್ತಿದ್ದರು. ಸಂಗೀತ, ಸುಗಂಧದ ಎಣ್ಣೆ, ಧೈರ್ಯದ ಸಾಲು ಬರೆದ ಚೀಟಿಗಳು ಬ್ಯಾಗಿನಲ್ಲೇ ಉಳಿದವು.

ಕೊನೆಕೊನೆಗೆ ಮೈ ನಡುಗಿತು, ವಾಂತಿಯಾಯಿತು. ನನ್ನ ಕೈಲಿ ಆಗಲ್ಲ, ಎಪಿಡ್ಯೂರಲ್ ಕೊಡಿ ಅಂದೆ, ಬೆನ್ನಿಗೆ ಕೊಡುವ ನೋವು ತಡೆಯುವ ಇಂಜೆಕ್ಷನ್ ಅದು. ಯಾರೂ ಬೇಡ ಅನ್ನಲಿಲ್ಲ, ಅರಿವಳಿಕೆ ಡಾಕ್ಟರಿಗೆ ಹೇಳಿಕಳಿಸಿದರು. ಅವರು ಬರುವಷ್ಟರಲ್ಲಿ ಮುಕ್ಕಬೇಕು ಅನಿಸಲು ಶುರುವಾಗಿತ್ತು, ನೋಡಿದರೆ ಪೂರ್ತಿ ತೆರೆದಿತ್ತು. ಒಂದು ಗಂಟೆ ಮೊದಲು ಕೇಳಿದ್ದರೆ ಖಂಡಿತ ತೆಗೆದುಕೊಂಡಿರುತ್ತಿದ್ದೆ, ಅದಕ್ಕೆ ಒಂದಿಷ್ಟೂ ಬೇಜಾರಾಗುತ್ತಿರಲಿಲ್ಲ.

ಮುಕ್ಕುವುದು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಚೊಚ್ಚಲಿಗೆ ಮೂರು ಗಂಟೆಯವರೆಗೂ ಆಗಬಹುದಂತೆ. ಉಸಿರು ಬಿಗಿಹಿಡಿದು ಹತ್ತು ಎಣಿಸುವವರೆಗೆ ಮುಕ್ಕಿ ಅಂತ ಯಾರೂ ಕೂಗಲಿಲ್ಲ, ಮೈ ಹೇಳಿದಾಗ ಮುಕ್ಕಿ ಅಂದರು. ಎಡ ಮಗ್ಗುಲಿಗೆ ಮಲಗಿದ್ದೆ, ಮೇಲಿನ ಕಾಲನ್ನು ಇವರು ಎತ್ತಿ ಹಿಡಿದಿದ್ದರು. ತಲೆ ಕಾಣಿಸಿದಾಗ ಸಿಸ್ಟರ್ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಕೆಳಗೆ ಒತ್ತಿ ಹಿಡಿದರು, ದೊಡ್ಡದಾಗಿ ಹರಿಯದ ಹಾಗೆ ಅದು ಕಾಪಾಡುತ್ತದೆ. ಉರಿ ಬಂತು. ಮಸಾಜಿನ ಉರಿಯೇ, ಹತ್ತು ಪಟ್ಟು. "ಈಗ ಮುಕ್ಕಬೇಡಮ್ಮ, ಸುಮ್ನೆ ಊದು" ಅಂದರು. ಬಾಯಿ ತೆರೆದು ಊದಿದೆ. ತಲೆ ನಿಧಾನವಾಗಿ ಬಂತು, ಆಮೇಲೆ ಮೈ ಜಾರಿ ಬಂತು. ಮಗಳು.

ಬಳ್ಳಿ ಕತ್ತರಿಸುವ ಮೊದಲು ಕಾದರು. ತೊಡೆಗೆ ಇಂಜೆಕ್ಷನ್ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಅರ್ಧ ಗಂಟೆಯೊಳಗೆ ಮಾಸು ಬಿತ್ತು. ಕೊಯ್ದಿರಲಿಲ್ಲ, ಆದರೆ ಸ್ವಲ್ಪ ಹರಿದಿತ್ತು, ಕೆಲವು ಹೊಲಿಗೆ ಬಿದ್ದವು. ಅಷ್ಟೆಲ್ಲ ಮಸಾಜ್ ಮಾಡಿಯೂ ಹೊಲಿಗೆ.

ಆಮೇಲಿನ ದಿನಗಳಿಗೆ ನಾನು ಏನೂ ಓದಿರಲಿಲ್ಲ. ಮೊದಲ ಸಲ ಮೂತ್ರಕ್ಕೆ ಹೋಗಲು ಹೆರಿಗೆಗಿಂತ ಜಾಸ್ತಿ ಹೆದರಿದ್ದೆ. ಮಾಡುವಾಗಲೇ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಉರಿಯುವುದಿಲ್ಲ ಅಂತ ಸಿಸ್ಟರ್ ಹೇಳಿಕೊಟ್ಟರು. ಹಾಲು ಕುಡಿಸುವಾಗ ಹೊಟ್ಟೆ ಮತ್ತೆ ಬೇನೆಯ ಹಾಗೆ ಹಿಂಡುತ್ತಿತ್ತು, ಗರ್ಭಕೋಶ ಕುಗ್ಗುತ್ತಿದೆ ಅಂತ ಅರ್ಥ, ಕೆಲವು ದಿನಕ್ಕೆ ನಿಂತಿತು. ಕಬ್ಬಿಣದ ಮಾತ್ರೆ ಮುಂದುವರಿಯಿತು. ಸೀನಿದರೆ ಒಂದೆರಡು ಹನಿ ಹೋಗುತ್ತಿತ್ತು, ಅದಕ್ಕೆ ಕೆಗೆಲ್ ಮತ್ತೆ ಶುರುಮಾಡಿದೆ, ಈ ಸಲ ಬಿಗಿ ಹಿಡಿಯುವುದು ಮತ್ತು ಪೂರ್ತಿ ಬಿಡುವುದು ಎರಡೂ. ಮೂರು ತಿಂಗಳಾದರೂ ನಿಲ್ಲದಿದ್ದರೆ ಬಂದು ತೋರಿಸಿ ಅಂತ ಫಿಸಿಯೋ ಮೇಡಂ ಹೇಳಿದ್ದರು. ಅಷ್ಟರೊಳಗೆ ನಿಂತಿತು.